ಉಜ್ಜಿದರೆ ಹೋಗದ ತರಿ

ಕಾಫಿ ಹಣ್ಣು ಕೆಂಪಾಗಿ ಕುಯ್ಲು ಆರಂಭವಾಗುವ ಹೊತ್ತಿಗೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಅಟ್ಟದಿಂದ ಕೆಳಗಿಳಿಯುವ ಹೊತ್ತಿಗೆ, ನಮ್ಮ ಮಲೆನಾಡಿನ ಗಾಳಿ ಒಣಗತೊಡಗುತ್ತದೆ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಕಾಲಿನ ಮೇಲೆ ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ. ಇವು ಎಲ್ಲರಿಗೂ ಗೊತ್ತಿದ್ದದ್ದೇ. ಇದೇ ಕಾಲದಲ್ಲಿ ಎದ್ದು ಕಾಣುವ ಇನ್ನೊಂದು ತೊಂದರೆಯ ಬಗ್ಗೆ ಮಾತ್ರ ಮನೆಗಳಲ್ಲಿ ವಿಚಾರ ಕಡಿಮೆ, ಉಜ್ಜುವುದು ಹೆಚ್ಚು. ತೋಳಿನ ಹಿಂಭಾಗದಲ್ಲಿ, ತೊಡೆಯ ಮೇಲೆ, ಕೆಲವರಿಗೆ ಮೊಣಕೈ ಮೊಣಕಾಲುಗಳ ಮೇಲೆ ರವೆ ಅಂಟಿಸಿದಂತೆ ಸಣ್ಣ ಸಣ್ಣ ಗುಳ್ಳೆಗಳು. ನೋವಿಲ್ಲ, ಕೀವಿಲ್ಲ. ಕೈಯಾಡಿಸಿದರೆ ತರಿತರಿ.

ನಾನು ವೈದ್ಯನಲ್ಲ. ನಲವತ್ತು ವರ್ಷಗಳಿಂದ ಕಾಫಿ, ಅಡಿಕೆ, ನಡುವೆ ಒಂದಿಷ್ಟು ಕಾಳುಮೆಣಸು ಬೆಳೆದುಕೊಂಡು ಬಂದವನು. ಚರ್ಮದ ವಿಷಯ ಬರೆಯಲು ಇವನಿಗೇನು ಅಧಿಕಾರವೆಂದು ಸದಸ್ಯ ಬಂಧುಗಳು ಕೇಳಿದರೆ, ತಪ್ಪು ಮಾಡಿ ಕಲಿತವನ ಅಧಿಕಾರ ಎಂದಷ್ಟೇ ಹೇಳಬಲ್ಲೆ. ಕಳೆದ ದೀಪಾವಳಿಯ ಎಣ್ಣೆಸ್ನಾನದ ದಿನ ನನ್ನ ಏಳು ವರ್ಷದ ಮೊಮ್ಮಗಳ ತೋಳನ್ನು ಮುಟ್ಟಿ ನೋಡಿದ ನನ್ನ ತಂಗಿ, “ಅಯ್ಯೋ, ಇದೇನೇ ಇಷ್ಟು ಕೊಳೆ ಕಟ್ಟಿದೆ!” ಎಂದು ತುಪ್ಪೀರೆ ನಾರಿಗೆ ಕೈಹಾಕಿದಳು. ಬಚ್ಚಲಿನಿಂದ ನನ್ನ ಮಗಳು ಓಡಿ ಬಂದು ನಾರನ್ನು ಕಸಿದುಕೊಂಡ ರೀತಿ ನೋಡಿ ತಂಗಿಗೆ ಬೇಸರವಾಯಿತು. ಹಿನ್ನೆಲೆ ಅವಳಿಗೆ ಗೊತ್ತಿರಲಿಲ್ಲ. ಆ ಹಿನ್ನೆಲೆಯನ್ನು ನಾಲ್ಕು ಜನರಿಗೆ ಹೇಳುವುದು ಒಳ್ಳೆಯದೆಂದು ತೋರಿ ಈ ಲೇಖನ.

ಮಗಳಿಗೆ ಆಗ ಹದಿನಾರು ತುಂಬಿತ್ತು. ಎರಡೂ ತೋಳುಗಳ ಹಿಂಭಾಗದಲ್ಲಿ ಇದೇ ತರಿ. ಶಾಲೆಯಲ್ಲಿ ಯಾರೋ ಪುಕ್ಕ ಕಿತ್ತ ಕೋಳಿ ಎಂದು ಹಾಸ್ಯ ಮಾಡಿದರಂತೆ. ಅಂದಿನಿಂದ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ. ಮನೆಯಲ್ಲಿ ನನ್ನ ತಾಯಿಯವರು ಕಡಲೆಹಿಟ್ಟು ಹಚ್ಚಿ ಉಜ್ಜಿದರು, ಹೆಂಡತಿ ತುಪ್ಪೀರೆ ನಾರಿನಿಂದ ಉಜ್ಜಿದಳು. ನಾನು ಒಂದು ಹೆಜ್ಜೆ ಮುಂದೆ ಹೋದೆ. ಬಿಳಿ ಕಾಂಡಕೊರಕ ಬಿರುಕಿನಲ್ಲಿ ಮೊಟ್ಟೆಯಿಡದಿರಲೆಂದು ಅರೇಬಿಕಾ ಗಿಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಸುವುದು ನಮಗೆಲ್ಲ ಅಭ್ಯಾಸವಾದ ಕೆಲಸ. ಉಜ್ಜಿದ ಕಾಂಡ ನುಣುಪಾಗಿ ಹೊಳೆಯುವುದನ್ನು ನೋಡಿ ನೋಡಿ ಬುದ್ಧಿಯೂ ಹಾಗೆಯೇ ಓಡುತ್ತದೆ. “ಸ್ವಲ್ಪ ಗಟ್ಟಿಯಾಗಿ ಉಜ್ಜಿ, ಹೋಗುತ್ತೆ” ಎಂದು ಹೇಳಿದವನು ನಾನೇ. ಆ ಹುಡುಗಿ ಪ್ರತಿ ಭಾನುವಾರ ಬಚ್ಚಲಿನಿಂದ ತೋಳು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ಎರಡು ದಿನ ನುಣುಪು, ಮೂರನೆಯ ದಿನ ಮತ್ತೆ ತರಿ. ಆರು ತಿಂಗಳಲ್ಲಿ ಗುಳ್ಳೆಗಳ ಜಾಗದಲ್ಲೆಲ್ಲ ಕಪ್ಪು ಚುಕ್ಕೆ ಬಂದವು.

ಅಷ್ಟಕ್ಕೇ ನಿಲ್ಲಲಿಲ್ಲ. ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ಒಂದು ಸಣ್ಣ ಟ್ಯೂಬು ಕೊಟ್ಟರು. ವಾರದೊಳಗೆ ಕೆಂಪು ಇಳಿಯಿತು, ಎಲ್ಲರಿಗೂ ಸಂತೋಷ. ಬಿಟ್ಟರೆ ಮತ್ತೆ ಬಂತು, ಮತ್ತೆ ಹಚ್ಚಿದಳು. ಹೀಗೇ ನಾಲ್ಕೈದು ತಿಂಗಳು ಕಳೆಯುವುದರೊಳಗೆ ತೋಳಿನ ಒಳಭಾಗದ ಚರ್ಮ ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗಾಗಿ, ಕಂಕುಳಿನ ಬಳಿ ಸೀಳಿದಂತೆ ಗೆರೆಗಳು ಬಿದ್ದವು. ಆಗ ಗಾಬರಿಯಾಗಿ ಜಿಲ್ಲಾ ಕೇಂದ್ರದ ಚರ್ಮವೈದ್ಯರ ಬಳಿಗೆ ಕರೆದುಕೊಂಡು ಹೋದೆ.

ವೈದ್ಯರು ಹಿರಿಯರು, ಸಾವಧಾನದ ಮನುಷ್ಯ. ಮಗಳ ತೋಳು ನೋಡಿದರು, ಬೆರಳಿನಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, “ಯಜಮಾನ್ರೇ, ನಿಮ್ಮ ಅಂಗಿ ತೋಳು ಸ್ವಲ್ಪ ಮೇಲೆತ್ತಿ” ಎಂದರು. ಎತ್ತಿದೆ. ನನ್ನ ತೋಳಿನ ಹಿಂದೆಯೂ ಅದೇ ತರಿ, ವಯಸ್ಸಾಗಿ ಸ್ವಲ್ಪ ಮಾಸಿದೆ ಅಷ್ಟೆ. ಅಲ್ಲಿಯವರೆಗೆ ನಾನು ಅದನ್ನು ಗಮನಿಸಿರಲೇ ಇಲ್ಲ. “ಏನಮ್ಮಾ, ನೋಡಿದೆಯಾ? ನಿಮ್ಮಪ್ಪ ಕೊಟ್ಟ ಆಸ್ತಿ ಇದು. ಇದಕ್ಕೆ ಉಜ್ಜಿಸಿಕೊಳ್ಳುವ ಶಿಕ್ಷೆ ನಿನಗೇಕೆ?” ಎಂದು ಅವರು ನಕ್ಕರು. ಮಗಳು ನಗಲಿಲ್ಲ. ದಾರಿಯಲ್ಲಿ ಬಸ್ಸಿನಲ್ಲಿ, “ಅಪ್ಪಯ್ಯ, ಹಾಗಾದ್ರೆ ಇದು ಕೊಳೆ ಅಲ್ಲ ಅಲ್ವಾ?” ಎಂದು ಒಂದೇ ಮಾತು ಕೇಳಿದಳು.

ಕೊಳೆಯಲ್ಲ. ಇದೇ ಈ ಲೇಖನದ ಮುಖ್ಯ ಮಾತು.

ನಮ್ಮ ಚರ್ಮದ ಹೊರಪದರ ಕೆರಾಟಿನ್ ಎಂಬ ಗಟ್ಟಿ ವಸ್ತುವಿನಿಂದಾದದ್ದು. ಹಸುವಿನ ಕೊಂಬು, ಗೊರಸು, ನಮ್ಮ ಉಗುರು, ಕೂದಲು ಎಲ್ಲವೂ ಅದೇ ಬಗೆಯ ವಸ್ತುವಿನವು. ಚರ್ಮದ ತಳದಲ್ಲಿ ಹುಟ್ಟಿದ ಹೊಸ ಜೀವಕೋಶ ಮೇಲಕ್ಕೆ ಸರಿದು, ಸತ್ತು, ಕಣ್ಣಿಗೆ ಕಾಣದ ಹೊಟ್ಟಾಗಿ ಉದುರಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಕೆಲವರ ಚರ್ಮದಲ್ಲಿ ಈ ಹೊಟ್ಟು ಸಲೀಸಾಗಿ ಉದುರುವುದಿಲ್ಲ. ರೋಮ ಹೊರಬರುವ ರಂಧ್ರದ ಬಾಯಲ್ಲಿ ಸೇರಿಕೊಂಡು ಬಿರಡೆಯಂತೆ ಗಟ್ಟಿಯಾಗುತ್ತದೆ. ಒಂದೊಂದು ತರಿಯೂ ಅಂಥ ಒಂದೊಂದು ಬಿರಡೆ. ಭೂತಕನ್ನಡಿಯಲ್ಲಿ ನೋಡಿದರೆ ಕೆಲವುದರೊಳಗೆ ಸುರುಳಿ ಸುತ್ತಿಕೊಂಡ ರೋಮವೂ ಕಾಣುತ್ತದೆ. ವೈದ್ಯರು ಇದನ್ನು ಕೆರಾಟೋಸಿಸ್ ಪೈಲಾರಿಸ್ ಎನ್ನುತ್ತಾರೆ. ಹೆಸರು ಭಯಂಕರವಾಗಿದೆ, ಅರ್ಥ ಮಾತ್ರ ಸಾದಾ: ರೋಮದ ಬುಡದಲ್ಲಿ ಕೊಂಬಿನಂಥ ಗಟ್ಟಿತನ.

ಹರೆಯದ ಹುಡುಗ ಹುಡುಗಿಯರಲ್ಲಿ ಅರ್ಧದಷ್ಟು ಮಂದಿಗಾದರೂ ಇದು ಸ್ವಲ್ಪವೋ ಹೆಚ್ಚೋ ಇರುತ್ತದೆಂದು ಚರ್ಮವೈದ್ಯ ಗ್ರಂಥಗಳು ಹೇಳುತ್ತವೆ. ವಂಶದಲ್ಲಿ ಹರಿದು ಬರುತ್ತದೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಚಳಿಗಾಲದಲ್ಲಿ ಹೆಚ್ಚುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ, ಬಹಳ ಮಂದಿಗೆ ಮೂವತ್ತು ದಾಟುತ್ತಿದ್ದಂತೆ ತಾನಾಗಿ ಮಾಸುತ್ತದೆ. ಮೈಗೆ ಉಷ್ಣವಾಗಿದೆ, ರಕ್ತ ಕೆಟ್ಟಿದೆ ಎಂದು ಹಿರಿಯರು ಹೇಳುವುದುಂಟು. ಆ ಮಾತಿಗೆ ಆಧಾರವಿಲ್ಲ. ರಕ್ತ ಶುದ್ಧಿಗೆಂದು ಭೇದಿ ಮಾಡಿಸಿ ಮಕ್ಕಳನ್ನು ಬಳಲಿಸುವುದಂತೂ ಬೇಡವೇ ಬೇಡ.

ಉಜ್ಜುವುದರಿಂದ ಏನು ಕೆಡುಕು? ಕತ್ತಿಯ ಹಿಡಿ ದಿನವೂ ತಾಗುವ ಅಂಗೈಯನ್ನು ನೋಡಿಕೊಳ್ಳಿ. ಒತ್ತಡ ಬಿದ್ದ ಕಡೆ ಚರ್ಮ ತನ್ನನ್ನು ತಾನು ಕಾಪಾಡಿಕೊಳ್ಳಲು ದಪ್ಪಗಾಗುತ್ತದೆ, ಜಡ್ಡುಗಟ್ಟುತ್ತದೆ. ನಾರಿನಿಂದ ಉಜ್ಜಿದ ತೋಳೂ ಅದನ್ನೇ ಮಾಡುತ್ತದೆ. ಮೇಲಿನ ಬಿರಡೆ ಕಿತ್ತು ಬಂದರೂ ರಂಧ್ರದ ಸುತ್ತ ಗಾಯವಾಗಿ ಊದಿಕೊಳ್ಳುತ್ತದೆ, ಒಳಗೆ ಹೊಸ ಬಿರಡೆ ಹಿಂದಿಗಿಂತ ಬೇಗ ಬೆಳೆಯುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಇನ್ನೊಂದು ಫಜೀತಿ. ಊದಿಕೊಂಡು ಇಳಿದ ಜಾಗದಲ್ಲೆಲ್ಲ ಕಪ್ಪು ಕಲೆ ಉಳಿಯುತ್ತದೆ. ಜಪಾನಿನಲ್ಲಿ ನೈಲಾನ್ ಟವಲಿನಿಂದ ಬೆನ್ನು ಉಜ್ಜುವ ರೂಢಿ ಹಬ್ಬಿದ ಮೇಲೆ ಬೆನ್ನಿನ ಮೇಲೆ, ಎಲುಬು ಎದ್ದು ಕಾಣುವ ಕಡೆಗಳಲ್ಲಿ ಕಪ್ಪು ಪಟ್ಟೆ ಬೀಳುವುದನ್ನು ಅಲ್ಲಿನ ವೈದ್ಯರು 1980ರ ದಶಕದಲ್ಲಿ ಗುರುತಿಸಿದರು. ನಮ್ಮಲ್ಲೂ ಬೆನ್ನಿನ ಮೇಲ್ಭಾಗದಲ್ಲಿ ಅಲೆಯಲೆಯಾಗಿ ಕಪ್ಪಾದವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಅದನ್ನು ಕೊಳೆಯೆಂದು ಭಾವಿಸಿ ಇನ್ನಷ್ಟು ಉಜ್ಜುತ್ತಾರೆ.

ಈಗ ಆರೈಕೆಯ ವಿಷಯ. ವೈದ್ಯರು ಮಗಳಿಗೆ ಹೇಳಿದ್ದನ್ನು ಅನುಭವದೊಂದಿಗೆ ಸೇರಿಸಿ ಬರೆಯುತ್ತೇನೆ.

ಮೊದಲನೆಯದು ಸ್ನಾನ. ಹಂಡೆಯ ತುಂಬ ಬಿಸಿನೀರು, ಒಲೆಯಲ್ಲಿ ನಿಗಿನಿಗಿ ಕೆಂಡ, ಹೊರಗೆ ಚಳಿ. ಚೊಂಬಿನ ಮೇಲೆ ಚೊಂಬು ಹೊಯ್ದುಕೊಳ್ಳುವ ಸುಖ ಮಲೆನಾಡಿನವನಿಗೆ ವಿವರಿಸಬೇಕಿಲ್ಲ. ಆದರೆ ಅಷ್ಟು ಬಿಸಿ ನೀರು ಚರ್ಮದಲ್ಲಿರುವ ಸಹಜವಾದ ಜಿಡ್ಡನ್ನೆಲ್ಲ ಕರಗಿಸಿ ಒಯ್ಯುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಅಷ್ಟು ಸಾಕು. (ನನ್ನಿಂದ ಇದು ಪೂರ್ತಿ ಸಾಧ್ಯವಾಗಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.)

ಎರಡನೆಯದು ಸಾಬೂನು. ಕಾಫಿ ತೋಟದ ಮಣ್ಣಿನ ಹುಳಿ ಹೆಚ್ಚಾದರೆ ಪರೀಕ್ಷೆ ಮಾಡಿಸಿ ಸುಣ್ಣ ಹಾಕಿ ಪಿಎಚ್ ಆರರ ಮೇಲಕ್ಕೆ ತರುತ್ತೇವೆ. ಚರ್ಮದ ಲೆಕ್ಕ ಬೇರೆ. ಆರೋಗ್ಯವಾದ ಚರ್ಮದ ಪಿಎಚ್ ಸುಮಾರು ಐದು, ಅಂದರೆ ಅದು ಹುಳಿಯಾಗಿಯೇ ಇರಬೇಕು. ಸಾಮಾನ್ಯ ಸಾಬೂನಿನ ಪಿಎಚ್ ಒಂಬತ್ತು ಹತ್ತರ ಹತ್ತಿರ. ದಿನಾ ಎರಡು ಹೊತ್ತು ಮೈಗೆಲ್ಲ ಸಾಬೂನು ತಿಕ್ಕುವವನು ಚರ್ಮಕ್ಕೆ ದಿನಾ ಸುಣ್ಣ ಹಾಕಿದ ಹಾಗೆ. ಕಂಕುಳು, ತೊಡೆಸಂದಿ, ಪಾದ, ಮಣ್ಣು ಮೆತ್ತಿದ ಜಾಗಗಳಿಗೆ ಸಾಬೂನು ಸಾಕು. ತರಿಯಿರುವ ತೋಳು ತೊಡೆಗಳಿಗೆ ನೀರೇ ಸಾಲುತ್ತದೆ, ಬೇಕೆನಿಸಿದರೆ ನುಣ್ಣಗೆ ಜರಡಿ ಹಿಡಿದ ಹೆಸರುಹಿಟ್ಟನ್ನು ಅಂಗೈಯಿಂದ ಮೆಲ್ಲಗೆ ಸವರಿ ತೊಳೆಯಬಹುದು. ನಾರು, ಇಟ್ಟಿಗೆ ಚೂರು, ಮೈಯುಜ್ಜುವ ಕಲ್ಲು ಇವನ್ನು ಹಿಮ್ಮಡಿಗೆ ಮಾತ್ರ ಬಿಡಿ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಇದು ನಮ್ಮ ಪದ್ಧತಿಗೆ ಸ್ವಲ್ಪ ವಿರುದ್ಧವೂ ಹೌದು. ನಾವು ಎಣ್ಣೆ ಹಚ್ಚುವುದು ಸ್ನಾನಕ್ಕೆ ಮೊದಲು. ಆಮೇಲೆ ಸೀಗೆಪುಡಿಯೋ ಸಾಬೂನೋ ಹಾಕಿ ಆ ಎಣ್ಣೆಯನ್ನು ಬಚ್ಚಲ ಗುಂಡಿಗೆ ಕಳಿಸುತ್ತೇವೆ. ಹಬ್ಬದ ಅಭ್ಯಂಜನ ನಡೆಯಲಿ, ಅದರ ಸಂತೋಷವೇ ಬೇರೆ. ತರಿ ಚರ್ಮಕ್ಕೆ ಮಾತ್ರ ಎಣ್ಣೆ ಬೇಕಾದದ್ದು ಸ್ನಾನವಾದ ಮೇಲೆ. ಹಳೆಯ ಮೆತ್ತನೆಯ ಪಂಚೆಯಿಂದ ಮೈಯನ್ನು ತಿಕ್ಕದೆ ಒತ್ತಿ ಒರೆಸಿ, ಇನ್ನೂ ತೇವ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಬೇಕು. ಚರ್ಮ ಕುಡಿದ ನೀರು ಆರಿಹೋಗದಂತೆ ಎಣ್ಣೆ ಮುಚ್ಚಳವಾಗುತ್ತದೆ. ಅಡಿಕೆ ತೋಟದ ಬುಡಕ್ಕೆ ಬೇಸಿಗೆಯ ಮೊದಲು ಸೊಪ್ಪು ಹೊದಿಸುವವರಿಗೆ ಈ ಮಾತು ತಿಳಿಯುವುದು ಕಷ್ಟವಲ್ಲ. ಮಣ್ಣು ಒಣಗಿದ ಮೇಲೆ ಹೊದಿಸಿ ಪ್ರಯೋಜನವೇನು?

ಯಾವ ಎಣ್ಣೆ? ಮನೆಯ ಕೊಬ್ಬರಿ ಎಣ್ಣೆ ಸಾಕು. ಒಣಚರ್ಮದವರಿಗೆ ಕೊಬ್ಬರಿ ಎಣ್ಣೆಯನ್ನೂ ಖನಿಜ ಎಣ್ಣೆಯನ್ನೂ ಹಚ್ಚಿ ಫಿಲಿಪೈನ್ಸ್ ದೇಶದಲ್ಲಿ ಹೋಲಿಸಿ ನೋಡಿದ ಪರೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಎರಡೂ ಸಮಸಮವಾಗಿ ಕೆಲಸ ಮಾಡಿದವು. ಚಳಿ ಹೆಚ್ಚಿದ್ದು ಎಣ್ಣೆ ಗಟ್ಟಿಯಾಗುವ ದಿನಗಳಲ್ಲಿ ವ್ಯಾಸಲೀನ್ ಇನ್ನೂ ಒಳ್ಳೆಯ ಮುಚ್ಚಳ, ಬೆಲೆಯೂ ಹೆಚ್ಚಲ್ಲ. ಸುವಾಸನೆಯ ದುಬಾರಿ ಬಾಟಲಿಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರುವುದಿಲ್ಲ.

ಬರೀ ಎಣ್ಣೆಯಿಂದ ಬಿರಡೆ ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೆ. ಕರಗಿಸಬೇಕೆಂದಿದ್ದವರಿಗೆ ವೈದ್ಯರು ಬರೆದುಕೊಡುವ ಮುಲಾಮಿನ ಹೆಸರು ಕೇಳಿ ನಾನು ಬೆರಗಾದೆ. ಯೂರಿಯಾ! ಹೌದು, ನಮ್ಮ ಗೋದಾಮಿನಲ್ಲಿ ಮೂಟೆಗಟ್ಟಲೆ ಬರುವ, ನೂರಕ್ಕೆ 46 ಭಾಗ ಸಾರಜನಕವಿರುವ ಅದೇ ಯೂರಿಯಾ. ಚರ್ಮ ತಾನಾಗಿ ನೀರು ಹಿಡಿದಿಟ್ಟುಕೊಳ್ಳಲು ಬಳಸುವ ವಸ್ತುಗಳಲ್ಲಿ ಅದೂ ಒಂದಂತೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಯೂರಿಯಾ ಇರುವ ಕ್ರೀಮು ಕೆರಾಟಿನ್ ಬಿರಡೆಯನ್ನು ನೆನೆಸಿ ಸಡಿಲ ಮಾಡುತ್ತದೆ. ಇದನ್ನೋದಿ ಯಾರೂ ಮೂಟೆ ಬಿಚ್ಚಿ ಕೊಬ್ಬರಿ ಎಣ್ಣೆಯಲ್ಲಿ ಕಲಸಲು ಹೋಗಬೇಡಿ. ಗೊಬ್ಬರದ ಯೂರಿಯಾ ಔಷಧಿಯ ಶುದ್ಧತೆಯದಲ್ಲ, ಅದರಲ್ಲಿ ಬೈಯುರೆಟ್ ಇರುತ್ತದೆ, ಬೇವಿನ ಎಣ್ಣೆಯ ಲೇಪವೂ ಇರುತ್ತದೆ. ಔಷಧಿ ಅಂಗಡಿಯ ಟ್ಯೂಬೇ ಆಗಬೇಕು. ಲ್ಯಾಕ್ಟಿಕ್ ಆಮ್ಲ ಇರುವ ಲೋಷನ್ನೂ ಇದೇ ಕೆಲಸ ಮಾಡುತ್ತದೆ. ಮಜ್ಜಿಗೆಯನ್ನು ಹುಳಿ ಮಾಡುವ ಆಮ್ಲವೇ ಅದು, ಆದರೆ ಮಜ್ಜಿಗೆ ಹಚ್ಚಿಕೊಂಡರೆ ಅಷ್ಟು ಪ್ರಮಾಣ ಸಿಗದು. ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಮೂರನೆಯದು. ಅದನ್ನು ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ವೈದ್ಯರನ್ನು ಕೇಳದೆ ಹಚ್ಚಕೂಡದು. ಬಿರಿದ, ಗೀರಿದ ಚರ್ಮಕ್ಕೆ ಈ ಮೂರರಲ್ಲಿ ಯಾವುದು ತಾಗಿದರೂ ಉರಿಯುತ್ತದೆ, ಗಾಯ ಮಾಗಿದ ಮೇಲೆಯೇ ಆರಂಭಿಸಬೇಕು.

ತಾಳ್ಮೆ ಬೇಕು. ಮಗಳ ತೋಳು ನುಣುಪಾಗಲು ಎರಡೂವರೆ ತಿಂಗಳು ಹಿಡಿಯಿತು. ಕಪ್ಪು ಚುಕ್ಕೆ ಮಾಸಲು ವರ್ಷದ ಮೇಲಾಯಿತು. ಹಚ್ಚುವುದನ್ನು ಬಿಟ್ಟರೆ ನಿಧಾನವಾಗಿ ತರಿ ಮರಳಿ ಬರುತ್ತದೆ, ಏಕೆಂದರೆ ಅದು ಚರ್ಮದ ಸ್ವಭಾವ. ಕಂಕುಳಿನ ಬಳಿ ಬಿದ್ದ ಆ ಗೆರೆಗಳು ಮಾತ್ರ ಇಂದಿಗೂ ಹೋಗಿಲ್ಲ. ಅವು ತರಿಯಿಂದ ಬಂದದ್ದಲ್ಲ, ಟ್ಯೂಬಿನಿಂದ ಬಂದದ್ದು. ಅದರೊಳಗೆ ಇದ್ದದ್ದು ಬಲವಾದ ಸ್ಟಿರಾಯ್ಡ್. ಬೇರೆ ಚರ್ಮರೋಗಗಳಿಗೆ, ವೈದ್ಯರು ಹೇಳಿದಷ್ಟು ದಿನ ಬಳಸಿದರೆ ಅದು ಒಳ್ಳೆಯ ಔಷಧಿಯೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿತು. ನಿಯಮವಿದ್ದರೂ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವವರು ಇದ್ದೇ ಇದ್ದಾರೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಆ ಜಾತಿಯದೆಂದು ತಿಳಿಯಿರಿ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಮಕ್ಕಳ ಕೈಗೆ ಕೊಟ್ಟು ಓದಿಸಿ.

ನಮ್ಮ ಕಸುಬಿನಿಂದ ಬರುವ ಒರಟು ಬೇರೆ. ಅಡಿಕೆ ಬೇಯಿಸುವ ಕಾಲದಲ್ಲಿ ಚೊಗರು ತಾಗಿದ ಕೈ ಕಪ್ಪಾಗಿ, ಬಿಗಿದು, ಕೊನೆಗೆ ಬಿರಿಯುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಪ್ರಾಣಿಗಳ ತೊಗಲನ್ನು ಹದಮಾಡಲು ಬಳಸುವ ವಸ್ತುಗಳ ಜಾತಿಯದೇ, ನಮ್ಮ ತೊಗಲನ್ನೂ ಅದು ಬಿಡುವುದಿಲ್ಲ. ಹಂಡೆಯಿಂದ ಅಡಿಕೆ ಬಗೆಯುವವರಿಗೆ ರಬ್ಬರ್ ಕೈಗವಸು ಕೊಡಿಸಿ. ಮೆಟ್ಟುಗತ್ತಿಯ ಮುಂದೆ ಕೂರುವವರಿಗೆ ಗವಸು ತೊಡಕಾಗುತ್ತದೆ, ಅವರು ಸುಲಿಯಲು ಕೂರುವ ಮುಂಚೆ ಬೆರಳುಗಳಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿಕೊಂಡರೆ ಕಲೆಯೂ ಬಿರುಕೂ ಕಡಿಮೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುವವರ ಮುಂಗೈ ನೋಡಿದರೆ ಸಾಕು, ಕ್ಷಾರ ಏನು ಮಾಡುತ್ತದೆಂದು ತಿಳಿಯುತ್ತದೆ. ಉದ್ದ ತೋಳಿನ ಅಂಗಿ, ಗವಸು, ಕೆಲಸ ಮುಗಿದ ಕೂಡಲೇ ಧಾರಾಳ ತಣ್ಣೀರು, ಆಮೇಲೆ ಕೊಬ್ಬರಿ ಎಣ್ಣೆ. ಚೊಗರಿನ ಕಲೆ ತೆಗೆಯಲು ಬಟ್ಟೆ ಸೋಡಾ ಹಾಕಿ ಕೈ ತಿಕ್ಕುವವರನ್ನು ಕಂಡಿದ್ದೇನೆ. ಕಲೆ ಹೋಗುವ ಮೊದಲು ಚರ್ಮ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ ತರಿಯಿಂದ ಯಾರಿಗೂ ಪ್ರಾಣಾಪಾಯವಿಲ್ಲ. ಆದರೆ ಅದರಂತೆಯೇ ಕಾಣುವ, ನಾವು ಕಣ್ಣು ಮುಚ್ಚಿಕೊಳ್ಳಬಾರದ ಇನ್ನೊಂದು ತರಿ ಇದೆ.

ಎರಡು ವರ್ಷದ ಹಿಂದೆ ಕುಯ್ಲಿಗೆಂದು ಬಂದ ಕುಟುಂಬವೊಂದು ನಮ್ಮ ಲೈನ್ ಮನೆಯಲ್ಲಿ ಇಳಿದುಕೊಂಡಿತ್ತು. ಅವರ ಆರೇಳು ವರ್ಷದ ಹುಡುಗ ಕಣದಲ್ಲಿ ಕಾಫಿ ಹರಡುವ ಕಡೆ ಆಡುತ್ತಿದ್ದ. ಮೊಣಕೈ, ಮೊಣಕಾಲುಗಳ ಮೇಲೆ ದಪ್ಪ ದಪ್ಪ ಕಂದು ಗುಳ್ಳೆ, ಮುಟ್ಟಿದರೆ ಮುಳ್ಳಿನಂತೆ ಚುಚ್ಚುತ್ತಿತ್ತು. ನನಗೆ ಗೊತ್ತಿರುವ ವಿದ್ಯೆ ನೆನಪಾಗಿ, “ಇದು ಏನೂ ಅಲ್ಲಮ್ಮ, ಸ್ನಾನ ಆದ ಮೇಲೆ ಎಣ್ಣೆ ಹಚ್ಚು” ಎಂದು ಅವನ ತಾಯಿಗೆ ಒಂದು ಬಾಟಲಿ ಕೊಬ್ಬರಿ ಎಣ್ಣೆ ಕೊಟ್ಟೆ. ತಿಂಗಳಾದರೂ ಇಳಿಯಲಿಲ್ಲ. ಮಗಳ ವೈದ್ಯರಿಗೆ ಫೋನು ಮಾಡಿ ಕೇಳಿದಾಗ ಅವರು ಚರ್ಮದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಹುಡುಗ ಏನು ಊಟ ಮಾಡ್ತಾನೆ?” ಎಂದರು. ವಿಚಾರಿಸಿದೆ. ಬೆಳಿಗ್ಗೆ ಅನ್ನ, ಮೆಣಸಿನಕಾಯಿ ಉಪ್ಪು. ರಾತ್ರಿ ಅನ್ನ, ತೆಳು ಸಾರು. ವಾರದ ಸಂತೆಯ ದಿನ ಮಾತ್ರ ಏನಾದರೂ ಪಲ್ಯ.

ಇದು ಕಪ್ಪೆಚರ್ಮ. ನೆಲಗಪ್ಪೆಯ ಬೆನ್ನಿನಂತೆ ಕಾಣುವುದರಿಂದ ಲ್ಯೂಷಿಯಸ್ ನಿಕೋಲ್ಸ್ ಎಂಬ ವೈದ್ಯ 1933ರಲ್ಲಿ ಸಿಂಹಳದಿಂದ ಬರೆಯುತ್ತ ಗ್ರೀಕ್ ಭಾಷೆಯಲ್ಲಿ ಅದೇ ಅರ್ಥ ಬರುವ ಫ್ರೈನೋಡರ್ಮ ಎಂಬ ಹೆಸರಿಟ್ಟ. ಆಹಾರದ ಕೊರತೆಯಿಂದ ಬರುವುದೆಂದು ಅವನೇ ಹೇಳಿದ. ದಕ್ಷಿಣ ಭಾರತದ ಶಾಲಾಮಕ್ಕಳಲ್ಲಿ ಇದನ್ನು ಗಮನಿಸಿದವರು ನೀಲಗಿರಿಯ ಕುನೂರಿನಲ್ಲಿದ್ದ ಪೋಷಣಾ ಪ್ರಯೋಗಾಲಯದವರು. ಏಕ್ರಾಯ್ಡ್ ಮತ್ತು ರಾಜಗೋಪಾಲ್ ಅವರ ವರದಿ 1936ರಲ್ಲಿ ಬಂತು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಿಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಮೊದಮೊದಲು ಎ ಜೀವಸತ್ವದ ಕೊರತೆಯೊಂದೇ ಕಾರಣವೆಂದು ನಂಬಿದ್ದರು. ಎ ಜೀವಸತ್ವ ಕೊಟ್ಟರೂ ಕೆಲವು ಮಕ್ಕಳಲ್ಲಿ ಗುಳ್ಳೆ ಇಳಿಯಲಿಲ್ಲ. 1960ರ ದಶಕದಲ್ಲಿ ಹೈದರಾಬಾದಿನಲ್ಲಿ ನಡೆದ ಅಧ್ಯಯನಗಳು ಖಾದ್ಯ ತೈಲಗಳಲ್ಲಿರುವ ಲಿನೋಲಿಕ್ ಆಮ್ಲದ ಕಡೆಗೂ ಬಿ ಗುಂಪಿನ ಜೀವಸತ್ವಗಳ ಕಡೆಗೂ ಬೆರಳು ತೋರಿಸಿದವು. ಒಟ್ಟಿನಲ್ಲಿ ಒಂದೇ ವಸ್ತುವಿನ ಕೊರತೆಯಲ್ಲ, ಬಡ ಊಟದ ಗುರುತು ಇದು.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟವಲ್ಲ. ವಂಶದಿಂದ ಬರುವ ತರಿ ತೋಳಿನ ಹಿಂಭಾಗ, ತೊಡೆ, ಕೆನ್ನೆಗಳ ಮೇಲೆ ರವೆಯಷ್ಟು ಸಣ್ಣಗೆ. ಮಗು ಗುಂಡುಗುಂಡಾಗಿದ್ದರೂ ಬರುತ್ತದೆ. ಕಪ್ಪೆಚರ್ಮ ಮೊದಲು ಕಾಣುವುದು ಮೊಣಕೈ, ಮೊಣಕಾಲು, ಪೃಷ್ಠಗಳಲ್ಲಿ, ಸಾಸಿವೆಯಷ್ಟು ದಪ್ಪ, ನಡುವೆ ಮುಳ್ಳಿನಂಥ ಬಿರಡೆ. ಜೊತೆಗೆ ಬಾಯಿಯ ಮೂಲೆ ಒಡೆದಿರುವುದು, ಕೂದಲು ಮಂಕಾಗಿರುವುದು, ಸಂಜೆ ಕತ್ತಲಾದರೆ ಕಣ್ಣು ಕಾಣದೆ ತಡವರಿಸುವುದು ಇದ್ದರೆ ಅನುಮಾನವೇ ಬೇಡ. ಸಂಜೆಗುರುಡು ಕಂಡರೆ ಅಂದೇ ವೈದ್ಯರ ಬಳಿ ಒಯ್ಯಬೇಕು, ತಡಮಾಡಿದರೆ ಕಣ್ಣೇ ಹೋಗಬಹುದು.

ನಾನು ಮಾಡಿದ ತಪ್ಪು ಎಣ್ಣೆಯನ್ನು ಮೈಗೆ ಕೊಟ್ಟದ್ದು. ಆ ಹುಡುಗನಿಗೆ ಎಣ್ಣೆ ಬೇಕಾಗಿದ್ದದ್ದು ಹೊಟ್ಟೆಗೆ. ಅದೂ ಕೊಬ್ಬರಿ ಎಣ್ಣೆಯಲ್ಲ, ಅದರಲ್ಲಿ ಲಿನೋಲಿಕ್ ಆಮ್ಲ ನೂರಕ್ಕೆ ಎರಡು ಭಾಗದಷ್ಟು ಮಾತ್ರ. ಅಗ್ಗಕ್ಕೆ ಸಿಗುವ ತಾಳೆ ಎಣ್ಣೆಯಲ್ಲಿ ಹತ್ತರಷ್ಟು. ಶೇಂಗಾ ಎಣ್ಣೆಯಲ್ಲಿ ಸುಮಾರು ಮೂವತ್ತು, ಎಳ್ಳೆಣ್ಣೆಯಲ್ಲಿ ನಲವತ್ತು, ಕುಸುಬೆ ಮತ್ತು ಹುಚ್ಚೆಳ್ಳಿನಲ್ಲಿ ಎಪ್ಪತ್ತರ ಆಸುಪಾಸು. ಬಯಲುಸೀಮೆಯ ಕಡೆಯವರು ಊರಿನಲ್ಲಿ ರೊಟ್ಟಿಯ ಜೊತೆ ತಿನ್ನುವ ಹುಚ್ಚೆಳ್ಳಿನ ಚಟ್ನಿಪುಡಿ ಎಂಥ ಔಷಧಿಯೆಂದು ಆಗ ಅರ್ಥವಾಯಿತು. ಕೂಲಿಗಾಗಿ ಊರು ಬಿಟ್ಟವರು ರೊಟ್ಟಿಯನ್ನೂ ಆ ಪುಡಿಯನ್ನೂ ಹಿಂದೆಯೇ ಬಿಟ್ಟು ಬರುತ್ತಾರೆ.

ವೈದ್ಯರ ಸಲಹೆಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಬಿ ಕಾಂಪ್ಲೆಕ್ಸ್ ಮತ್ತು ಎ ಜೀವಸತ್ವದ ವ್ಯವಸ್ಥೆಯಾಯಿತು. ಮನೆಯಿಂದ ಹುಚ್ಚೆಳ್ಳು ಪುಡಿ, ದಿನಕ್ಕೊಂದು ಮೊಟ್ಟೆ, ಹಿತ್ತಲಿನ ನುಗ್ಗೆಸೊಪ್ಪು, ಬಸಳೆ, ಪಪ್ಪಾಯಿ. ಹಿತ್ತಲಿನಲ್ಲಿ ಕೊಳೆತು ಬೀಳುವ ಪಪ್ಪಾಯಿ ಲೈನ್ ಮನೆಗೆ ಐವತ್ತು ಗಜ ನಡೆದು ಹೋಗಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಕುಯ್ಲು ಮುಗಿದು ಅವರು ಹೊರಡುವ ಹೊತ್ತಿಗೆ ಗುಳ್ಳೆಗಳು ಮುಕ್ಕಾಲು ಪಾಲು ಉದುರಿ ಮೊಣಕೈ ಮೆತ್ತಗಾಗಿತ್ತು. ಆ ಹುಡುಗನ ತಂಗಿಗೆ ಮೂರು ವರ್ಷ. ಅವಳ ಹೆಸರನ್ನು ಅಂಗನವಾಡಿಯಲ್ಲಿ ಬರೆಸಿದೆವು. ವಲಸೆ ಬಂದವರ ಮಕ್ಕಳಿಗೂ ಅಲ್ಲಿ ಊಟ ಸಿಗುತ್ತದೆ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಹಾಕುವ ಎ ಜೀವಸತ್ವದ ದ್ರಾವಣವೂ ಉಚಿತ. ಇದು ಗೊತ್ತಿಲ್ಲದ ತಾಯಂದಿರೇ ಹೆಚ್ಚು, ಭಾಷೆಯೂ ತೊಡಕು. ಕುಯ್ಲಿನ ಜನ ಬಂದ ವಾರದಲ್ಲೇ ರೈಟರನ್ನೋ ಮೇಸ್ತ್ರಿಯನ್ನೋ ಮಕ್ಕಳ ಜೊತೆ ಒಮ್ಮೆ ಕಳಿಸಿಕೊಟ್ಟರೆ ಅರ್ಧ ದಿನದ ಕೆಲಸ. ನಮ್ಮ ಸಂಘದ ಸದಸ್ಯರ ತೋಟಗಳಲ್ಲೆಲ್ಲ ಇಷ್ಟು ಆಗಲೇಬೇಕೆಂದು ನನ್ನ ಅಭಿಪ್ರಾಯ, ಮುಂದಿನ ಸಭೆಯಲ್ಲೂ ಹೇಳುವವನಿದ್ದೇನೆ.

ಇನ್ನು ವೈದ್ಯರ ಬಳಿ ಹೋಗಲೇಬೇಕಾದ ಕೆಲವು ಗುಳ್ಳೆಗಳನ್ನು ಹೇಳಿ ಮುಗಿಸುತ್ತೇನೆ. ರಾತ್ರಿ ಹೊತ್ತು ವಿಪರೀತ ತುರಿಕೆ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ, ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಬಂದರೆ ಅದು ತುರಿಗಜ್ಜಿ. ಹುಳದಿಂದ ಬರುವಂಥದ್ದು, ಒಂದೇ ಸೂರಿನಡಿ ಇರುವ ಎಲ್ಲರೂ ಒಂದೇ ದಿನ ಔಷಧಿ ಹಚ್ಚಿಕೊಳ್ಳದಿದ್ದರೆ ಹೋಗದು. ಮೊಳಕಾಲ ಕೆಳಗೆ, ಕಾಲಿನ ಮುಂಭಾಗದಲ್ಲಿ ವರ್ಷಗಟ್ಟಲೆ ತುರಿಸಿ ತುರಿಸಿ ದಪ್ಪ ಕಪ್ಪು ಗಂಟುಗಳಾಗಿದ್ದರೆ ತುರಿಕೆ ನಿಲ್ಲಿಸುವ ಔಷಧಿ ಬೇಕು, ಅಲ್ಲಿಗೆ ವೈದ್ಯರು ಸ್ಟಿರಾ‍ಯ್ಡನ್ನೇ ಬರೆದರೆ ಹೆದರಬೇಡಿ. ಕೊನೆಯದಾಗಿ, ಮೈಮೇಲೆ ಮಾಸಲು ಬಣ್ಣದ ಮಚ್ಚೆಯಿದ್ದು ಅಲ್ಲಿ ಮುಟ್ಟಿದ್ದು, ಬಿಸಿ ತಾಗಿದ್ದು ತಿಳಿಯದಿದ್ದರೆ, ಅಥವಾ ಕಿವಿಯ ಹಾಲೆ, ಮುಖ ಗಂಟುಗಂಟಾಗಿ ದಪ್ಪವಾಗುತ್ತಿದ್ದರೆ ಮುಚ್ಚಿಟ್ಟುಕೊಳ್ಳಬೇಡಿ. ಅದು ಕುಷ್ಠವಿರಬಹುದು. ಬಹು ಔಷಧಿ ಚಿಕಿತ್ಸೆಯಿಂದ ಅದು ಪೂರ್ತಿ ಗುಣವಾಗುತ್ತದೆ, ಬೇಗ ಆರಂಭಿಸಿದರೆ ಬೆರಳು ಸೊಟ್ಟಗಾಗುವುದೂ ಇಲ್ಲ. ಔಷಧಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ. ಊರಿನಲ್ಲಿ ತೋರಿಸಲು ಸಂಕೋಚವೆನಿಸಿದರೆ ಆಶಾ ಕಾರ್ಯಕರ್ತೆಗೆ ತಿಳಿಸಿದರೂ ಸಾಕು, ಅವರೇ ಕರೆದುಕೊಂಡು ಹೋಗುತ್ತಾರೆ.